ಕೆಟಲ್ ಚಂದ ಇದೆ, ಪಂಚೆ ಹೋದರೆ ಹೋಯಿತು

ನಮ್ಮ ಮನೆಯಲ್ಲಿ ಈಗ ಡಿಕಾಕ್ಷನ್ ಇರುವುದು ನೀಲಿ ಪಿಂಗಾಣಿ ಕೆಟಲ್‌ನಲ್ಲಿ. ಸಪೂರ ಕತ್ತು, ಪುಟ್ಟ ಮೂತಿ, ಮುಚ್ಚಳದ ಮೇಲೊಂದು ಹಕ್ಕಿ. ಬಂದವರು ಕಾಫಿ ಹೇಗಿದೆ ಅಂತ ಹೇಳುವ ಮೊದಲು ಇದನ್ನು ಎಲ್ಲಿ ತಗೊಂಡ್ರಿ ಅಂತ ಕೇಳುತ್ತಾರೆ. ಆದರೆ ಬಗ್ಗಿಸಿದರೆ ಅರ್ಧ ಡಿಕಾಕ್ಷನ್ ಲೋಟಕ್ಕೆ, ಇನ್ನರ್ಧ ಮೂತಿಯ ಅಡಿಗೆ ಅಂಟಿಕೊಂಡು ಕೆಟಲ್ ಹೊಟ್ಟೆ ಮೇಲೆ ಹರಿದು ಟೇಬಲ್ಲಿಗೆ. ಸ್ವಲ್ಪ ಜಾಸ್ತಿ ಬಗ್ಗಿಸಿದಿರೋ, ಹಕ್ಕಿ ಮುಚ್ಚಳ ಸಮೇತ ಲೋಟಕ್ಕೇ ಹಾರುತ್ತದೆ.

ಕಡೂರಿನಿಂದ ಭಾವ ಬಂದಿದ್ದಾಗ ಹೀಗೇ ಆಯಿತು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಅದರ ಮೇಲೆ ಗಟ್ಟಿ ಡಿಕಾಕ್ಷನ್. ನಾನು ಗಾಬರಿಯಾಗಿ ಬಟ್ಟೆ ತರಲು ಓಡಿದರೆ ಅವರೇ ಸಮಾಧಾನ ಹೇಳಿದರು: "ಇರಲಿ ಬಿಡಮ್ಮ, ನಾನೇ ಲೋಟ ಸರಿಯಾಗಿ ಹಿಡಿಯಲಿಲ್ಲ." ಲೋಟ ಟೇಬಲ್ ಮೇಲಿತ್ತು.

ಇದೇ ಭಾವ ಹಿಂದೊಮ್ಮೆ ನಮ್ಮ ಹಳೇ ಸ್ಟೀಲ್ ಫಿಲ್ಟರಿಗೆ ಅಂದದ್ದು ಕೇಳಬೇಕಿತ್ತು. ಪುಡಿ ನುಣ್ಣಗಾಗಿ ಡಿಕಾಕ್ಷನ್ ಇಳಿಯುವುದು ಸ್ವಲ್ಪ ತಡವಾಗಿತ್ತು, ಅಷ್ಟೇ. "ಈ ದರಿದ್ರದ್ದನ್ನ ಗುಜರಿಗೆ ಹಾಕಿ" ಅಂದಿದ್ದರು. ತಳ ನೆಗ್ಗಿದೆ, ನಿಜ. ಆದರೆ ಒಂದು ಹನಿ ಆಚೆ ಈಚೆ ಚೆಲ್ಲಿದ್ದಿಲ್ಲ. ಕೆಟಲ್‌ಗೆ ಮಾತ್ರ ಹೊಸ ಅಳಿಯನ ಮರ್ಯಾದೆ. ಅಡಿಗೊಂದು ತಟ್ಟೆ, ತಟ್ಟೆ ಅಡಿಗೊಂದು ಬಟ್ಟೆ. ಅತ್ತೆ ಒಬ್ಬರೇ, "ಎಂತ ಮಾರಾಯ್ತಿ, ಚಂದ ನೋಡ್ಕೊಂಡು ಕೂತ್ರೆ ಕಾಫಿ ಕುಡಿದ ಹಾಗಾಗ್ತದಾ?" ಅಂತ ಗೊಣಗುವುದು.

ನಮ್ಮ ಮನೆಯವರು ಬ್ಯಾಂಕಿನವರು, ಅವರಿಗೆ ಒಂದು ಎಟಿಎಂ ಕಥೆ ಹೇಳಿದೆ. 1995ರಲ್ಲಿ ಜಪಾನಿನಲ್ಲಿ ಕುರೊಸು ಮತ್ತು ಕಶಿಮುರ ಅನ್ನುವವರು ಎಟಿಎಂ ಬಟನ್ನುಗಳನ್ನು 26 ತರಹ ಜೋಡಿಸಿ 252 ಜನಕ್ಕೆ ತೋರಿಸಿದರು. ನೋಡಲು ಚಂದ ಇದ್ದದ್ದೇ ಬಳಸಲೂ ಸುಲಭ ಅನ್ನುವ ಕಡೆಗೆ ವಾಲಿದರು ಜನ. ಇಸ್ರೇಲಿನ ಟ್ರಾಕ್ಟಿನ್ಸ್ಕಿ ಅನ್ನುವವರಿಗೆ ನಂಬಿಕೆ ಬರಲಿಲ್ಲ. ಜಪಾನಿನವರಿಗೆ ಚಂದದ ಹುಚ್ಚು, ನಮ್ಮವರು ಹಾಗಲ್ಲ ಅಂದುಕೊಂಡು ಅದನ್ನೇ ಅಲ್ಲಿ ಮಾಡಿ ನೋಡಿದರೆ ಫಲಿತಾಂಶ ಇನ್ನೂ ಗಟ್ಟಿಯಾಗಿ ಬಂತು! ಆಮೇಲೆ 2000ದ ಹೊತ್ತಿಗೆ ಜನರಿಂದ ಬಳಸಿಯೇ ನೋಡಿಸಿದರು. ಆಗಲೂ ಚಂದದ್ದೇ ಸಲೀಸು ಅಂದರಂತೆ. ಇಷ್ಟೆಲ್ಲಾ ಕೇಳಿ ನಮ್ಮ ಮನೆಯವರು, "ನಮ್ಮ ಎಟಿಎಂನಲ್ಲಿ ದುಡ್ಡಿದ್ದರೆ ಸಾಕು, ಚಂದ ಯಾರಿಗೆ ಬೇಕು" ಅಂದರು. ಅದೂ ಸರಿಯೇ.

ಡಿಸೈನ್ ಬಗ್ಗೆ ಬರೆದು ಹೆಸರು ಮಾಡಿದ ಅಮೆರಿಕದ ಡೊನಾಲ್ಡ್ ನಾರ್ಮನ್ ಹತ್ತಿರವೂ ಚಂದದ ಕೆಟಲ್‌ಗಳಿವೆಯಂತೆ. ಒಂದಕ್ಕಂತೂ ಹಿಡಿ, ಮೂತಿ ಎರಡೂ ಒಂದೇ ಕಡೆ. ಬಗ್ಗಿಸಿದರೆ ನೇರ ಮೈಮೇಲೆ. ಕರೆಲ್ಮನ್ ಅನ್ನುವ ಫ್ರೆಂಚ್ ಕಲಾವಿದ ಬೇಕಂತಲೇ ಕಲ್ಪಿಸಿದ್ದು ಅದು. ಅವನ್ನೆಲ್ಲಾ ಅಡುಗೆಮನೆ ಕಿಟಕಿಯಲ್ಲಿ ಸಾಲಾಗಿ ಇಟ್ಟುಕೊಂಡು, ಬೆಳಿಗ್ಗೆ ಎದ್ದರೆ ಚಹಾ ಮಾತ್ರ ಬೇರೆ ಪಾತ್ರೆಯಲ್ಲಿ ಮಾಡುತ್ತಾರಂತೆ. ಬುದ್ಧಿವಂತರು. ನನಗೆ ಅಷ್ಟು ಗಟ್ಟಿ ಮನಸ್ಸಿಲ್ಲ, ಚಂದದ್ದು ಕಣ್ಣೆದುರು ಇದ್ದರೆ ಕೈ ಸುಮ್ನೆ ಇರಲ್ಲ.

ಮೊನ್ನೆ ಚಿಕ್ಕಮಗಳೂರಿನಲ್ಲೇ ಒಂದು ಮದುವೆ. ಹೊಸ ಕಲ್ಯಾಣ ಮಂಟಪ, ಕೈ ತೊಳೆಯುವಲ್ಲಿ ಫಳಫಳ ಹೊಳೆಯುವ ನಲ್ಲಿ, ತಿರುಪಲು ಏನೂ ಇಲ್ಲ. ಪಾಯಸದ ಕೈ ಹಿಡಿದುಕೊಂಡು ಸಾಲು ನಿಂತಿದೆ. ಒಬ್ಬರು ಕೈ ಒಡ್ಡಿದರು, ಒಬ್ಬರು ಮೇಲಿಂದ ಒತ್ತಿದರು, ಇನ್ನೊಬ್ಬರು ಬಗ್ಗಿ ಮೂತಿಯೊಳಗೇ ನೋಡಿದರು. ನಲ್ಲಿಗೆ ಬೈದವರು ಒಬ್ಬರೂ ಇಲ್ಲ, "ಹೊಸ ಮಾಡೆಲ್ಲು, ನಮಗೆಲ್ಲಿ ಗೊತ್ತಾಗ್ಬೇಕು" ಅಂತ ನಗುತ್ತಿದ್ದರು. ಕೊನೆಗೆ ಯಾರದೋ ಮಗು ಆಟಕ್ಕೆ ಕೆಳಗಿದ್ದ ಪೆಡಲ್ ತುಳಿಯಿತು. ನೀರು ಭರ್ರಂತ ಬಂದು ಬೇಸಿನ್ನಿನಿಂದ ಚಿಮ್ಮಿ ಅತ್ತೆಯ ರೇಷ್ಮೆ ಸೀರೆಗೆ.

ನಾನು ಕರ್ಚೀಫ್ ಹುಡುಕುತ್ತಿದ್ದೆ. ಅತ್ತೆ ಆಗಲೇ ಮಂಟಪದ ಮ್ಯಾನೇಜರನ್ನು ಹಿಡಿದುಕೊಂಡು, ಇಂಥದ್ದು ಎಲ್ಲಿ ಸಿಗ್ತದೆ, ರೇಟೆಷ್ಟು ಅಂತ ವಿಚಾರಿಸುತ್ತಿದ್ದರು.