ಸತ್ಯಾಂಶ: ಕ್ರಾಸ್‌ಬೋ ಸದ್ದಿಲ್ಲದ ಬಂದೂಕಾ?

"ಕಾಂಪೌಂಡ್ ಬಿಲ್ಲು ಬಿಟ್ಟು ಕ್ರಾಸ್‌ಬೋ ಹಿಡಿದರೆ ನೂರು ಗಜದಿಂದಲೂ ಜಿಂಕೆ ಹೊಡೆಯಬಹುದು, ಅದು ಸದ್ದಿಲ್ಲದ ಬಂದೂಕು" ಅನ್ನೋ ಅಮೆರಿಕದ ಬೇಟೆ ಫಾರ್ವರ್ಡ್ ಒಂದಿದೆ. ಸುಮ್ನೆ ನಂಬಬೇಡಿ. ಕ್ರಾಸ್‌ಬೋ ಅಂದರೆ ಬಂದೂಕಿನಂತೆ ಹಿಡಿದು, ಟ್ರಿಗರ್ ಒತ್ತಿ ಬಾಣ ಬಿಡುವ ಅಡ್ಡಬಿಲ್ಲು; ಕಾಂಪೌಂಡ್ ಅಂದರೆ ತುದಿಗಳಲ್ಲಿ ರಾಟೆಗಳಿರುವ, ಕೈಯಲ್ಲೇ ಎಳೆದು ಹಿಡಿಯುವ ಬಿಲ್ಲು.

ಕ್ರಾಸ್‌ಬೋ ಎಳೆತ (ದಾರ ಎಳೆಯಲು ಬೇಕಾದ ಬಲ) 150-200 ಪೌಂಡ್, ಕಾಂಪೌಂಡ್‌ನದು 60-70. ಮೂರು ಪಟ್ಟು ಬಲ ಅನ್ನಿಸುತ್ತದೆ, ಅಲ್ವಾ? ಆದರೆ ಕ್ರಾಸ್‌ಬೋ ದಾರ ಬಾಣವನ್ನು ತಳ್ಳುವ ದೂರ ತುಂಬಾ ಕಡಿಮೆ, ಹಾಗಾಗಿ ಬಾಣಕ್ಕೆ ಸಿಗುವ ಶಕ್ತಿ ಮೂರು ಪಟ್ಟು ಆಗುವುದೇ ಇಲ್ಲ.

ಸದ್ದಂತೂ ಇದೆ. ಕಾಂಪೌಂಡ್‌ಗಿಂತ ಜಾಸ್ತಿಯೇ. ಬಾಣ ಸೆಕೆಂಡಿಗೆ 400 ಅಡಿ ಹೋದರೆ ಶಬ್ದ ಸುಮಾರು 1,100 ಅಡಿ ಹೋಗುತ್ತದೆ, ಅಂದರೆ 40 ಗಜದಲ್ಲಿ ನಿಂತ ಜಿಂಕೆಗೆ "ಟಪ್" ಅಂತ ಕೇಳಿಸಿ, ಅದು ಓಡಲು ಮೈ ಕುಗ್ಗಿಸುವ ಹೊತ್ತಿಗೂ ಬಾಣ ದಾರಿಯಲ್ಲೇ ಇರುತ್ತದೆ. ನೂರು ಗಜದ ಮಾತು ಬಿಡಿ. ಬಾಣ ತಪ್ಪು ಜಾಗಕ್ಕೆ ತಾಗಿ, ಗಾಯಗೊಂಡ ಪ್ರಾಣಿ ನರಳುತ್ತಾ ಕಾಡು ಸೇರುತ್ತದೆ, ಅಷ್ಟೇ.

ನಿಜವಾದ ಅನುಕೂಲ ಬೇರೆ: ಎಳೆದ ದಾರವನ್ನು ಕೊಕ್ಕೆ ಹಿಡಿದಿರುತ್ತದೆ, ಭುಜ ನೋವಿದ್ದವರಿಗೆ ಆರಾಮ. ಹೆಬ್ಬೆರಳು ಮಾತ್ರ ದಾರ ಓಡುವ ಹಳಿಗಿಂತ ಕೆಳಗಿರಲಿ, ಇಲ್ಲದಿದ್ದರೆ ಬೆರಳೇ ಹೋದೀತು!

ಬಿಲ್ಲುಬೇಟೆಗೆಂದು ಗೊತ್ತುಮಾಡಿದ ಕಾಲದಲ್ಲಿ ಅಮೆರಿಕದ ಓಹಾಯೋ ರಾಜ್ಯ ಕ್ರಾಸ್‌ಬೋ ಬಳಕೆಯನ್ನು ಒಪ್ಪುತ್ತದೆ, ಒರೆಗಾನ್ ರಾಜ್ಯ ಒಪ್ಪುವುದಿಲ್ಲ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಜಿಂಕೆ ಬೇಟೆ ಯಾವುದರಿಂದ ಮಾಡಿದರೂ ಅಪರಾಧ.