ಸ್ಪ್ಯಾನರ್ ಇರುವಾಗ ಗ್ರೈಂಡರ್ ಯಾಕೆ?

ಇವತ್ತು ಸಂಜೆಯಿಂದ ತಲೆ ಕೆಟ್ಟುಹೋಗಿದೆ. ಇದನ್ನು ಬರೆಯದೆ ನಿದ್ದೆ ಬರುವುದಿಲ್ಲ.

ಬ್ಯಾಂಕಿನಿಂದ ಬರುವಾಗ ಕ್ಲಚ್ ಕೇಬಲ್ ಸಿಗುತ್ತದಾ ನೋಡೋಣ ಅಂತ ಒಂದು ಗ್ಯಾರೇಜ್ ಮುಂದೆ ನಿಂತೆ. ಒಳಗೆ ಒಂದು ಹಳೆ ಜಾವಾ ಬೈಕು. ಅರವತ್ತರ ದಶಕದ್ದು, ನಮ್ಮ ಮೈಸೂರಿನಲ್ಲೇ ತಯಾರಾದ ಗಾಡಿ. ಟ್ಯಾಂಕಿನ ಪಕ್ಕದ ಕ್ರೋಮ್ ಮಾಸಿತ್ತು, ಆದರೆ ಎದ್ದಿರಲಿಲ್ಲ. ಮರೂನ್ ಬಣ್ಣದ ಮೇಲೆ ಕುಂಚದಲ್ಲಿ ಎಳೆದ ಚಿನ್ನದ ಗೆರೆ ಅಲ್ಲಲ್ಲಿ ಉಳಿದಿತ್ತು. ಹಿಂದಿನ ಮಡ್‌ಗಾರ್ಡ್ ಬಿಚ್ಚಿ ಮೂಲೆಗೆ ಎಸೆದಿದ್ದರು. ಒಬ್ಬ ಹುಡುಗ ಕಬ್ಬಿಣ ಕೊಯ್ಯುವ ಗ್ರೈಂಡರ್ ಹಿಡಿದು ಫ್ರೇಮಿನ ಹಿಂಭಾಗ ಕೊಯ್ಯುತ್ತಿದ್ದ. ಎಡಗಡೆ ಆಗಲೇ ಕೊಯ್ದು ಮುಗಿದಿತ್ತು. ಕೊಯ್ದ ಬಾಯಿ ನೋಡಿದೆ. ಒಳಗೆಲ್ಲೂ ತುಕ್ಕಿಲ್ಲ. ಬೆಳ್ಳಗೆ ಹೊಳೆಯುವ ಗಟ್ಟಿ ಉಕ್ಕು.

"ಬಾಬರ್ ಮಾಡ್ತಾ ಇದೀವಿ ಸಾರ್" ಅಂದ ಹುಡುಗ. ಬಾಬರ್ ಅಂದರೆ ಹಿಂಬದಿ ಬೋಳಾಗಿಸಿ, ಸೀಟು ತಗ್ಗಿಸಿದ ಗಾಡಿ. ಹುಡುಗನನ್ನು ಬೈಯಲು ಮನಸ್ಸು ಬರಲಿಲ್ಲ. ಹೇಳಿದ ಕೆಲಸ ಮಾಡುತ್ತಿದ್ದಾನೆ. ಗಾಡಿಯ ಮಾಲೀಕ ಅಲ್ಲೇ ಕುರ್ಚಿ ಹಾಕಿಕೊಂಡು ವೀಡಿಯೊ ಮಾಡುತ್ತಿದ್ದ. "ಯಾಕಪ್ಪಾ ಕೊಯ್ಯಿಸ್ತಿದೀಯಾ, ಬೋಲ್ಟ್ ಹಾಕಿ ಮಾಡಬಹುದಲ್ವಾ?" ಅಂದೆ. "ನನ್ನ ಗಾಡಿ, ನನ್ನ ದುಡ್ಡು. ನಿಮಗೇನು ಅಂಕಲ್?" ಅಂದ.

ನನಗೇನು? ಅದನ್ನೇ ಹೇಳುತ್ತೇನೆ ಕೇಳಿ.

ನಾನು ಹಳೇದನ್ನು ಹಾಗೇ ಗಾಜಿನ ಪೆಟ್ಟಿಗೆಯಲ್ಲಿಡಿ ಅನ್ನುವವನಲ್ಲ. ನನ್ನ ಗಾಡಿ ನೋಡಿದವರಿಗೆ ಗೊತ್ತು. 6 ವೋಲ್ಟ್ ವಿದ್ಯುತ್ ವ್ಯವಸ್ಥೆ ತೆಗೆದು 12 ವೋಲ್ಟ್ ಮಾಡಿದ್ದೇನೆ. ಆ ಮಿಣಮಿಣ ದೀಪದಲ್ಲಿ ಈಗಿನ ಹೆದ್ದಾರಿಯಲ್ಲಿ ರಾತ್ರಿ ಓಡಿಸುವುದು ಅಪಾಯ. ಹ್ಯಾಂಡಲ್ ತಗ್ಗಿಸಿದ್ದೇನೆ, ಸೀಟು ಬದಲಾಯಿಸಿದ್ದೇನೆ. ಆದರೆ ಬಿಚ್ಚಿದ ಒಂದೊಂದು ಭಾಗವೂ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿದೆ. ನಾಳೆ ಯಾರಾದರೂ ಬೇಕು ಅಂದರೆ ಸ್ಪ್ಯಾನರ್ ಹಿಡಿದು ಹಳೆ ರೂಪಕ್ಕೆ ತರಬಹುದು. ನನ್ನ ತಕರಾರು ಇಷ್ಟೇ: ಕಸ್ಟಮ್ ಮಾಡಿ, ಧಾರಾಳವಾಗಿ ಮಾಡಿ. ಕೊಯ್ಯಬೇಡಿ.

ಆ ಗಾಡಿ ಎಲ್ಲಿಂದ ಬಂತು ಅಂತ ಆ ಹುಡುಗನಿಗೆ ಯಾರೂ ಹೇಳಿಲ್ಲ ಅನ್ನಿಸುತ್ತದೆ. ಇರಾನಿ ಅನ್ನುವ ಮನೆತನದವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಲೈಸೆನ್ಸ್ ತಂದು 1961ರಿಂದ ಇಲ್ಲಿ ಗಾಡಿ ತಯಾರಿಸಿದರು. ಆಮೇಲೆ ಅದೇ ಕಾರ್ಖಾನೆಯಿಂದ ಯೆಜ್ಡಿ ಹೆಸರಿನ ಗಾಡಿ ಬಂತು, ರೋಡ್‌ಕಿಂಗ್ ಬಂತು. 1996ರಲ್ಲಿ ಬಾಗಿಲು ಮುಚ್ಚಿತು. ಈ ಊರಿನ ಎಷ್ಟೋ ಮನೆಗಳ ಒಲೆ ಆ ಕಾರ್ಖಾನೆಯ ಸಂಬಳದಲ್ಲಿ ಉರಿದಿದೆ. ನಮ್ಮ ಮನೆಯದೂ ಸೇರಿ. ಅಪ್ಪ ಅಲ್ಲೇ ಕೆಲಸದಲ್ಲಿದ್ದರು. ಆ ಫ್ರೇಮ್ ಇನ್ನು ಯಾವ ಕಾರ್ಖಾನೆಯಿಂದಲೂ ಹೊರಗೆ ಬರುವುದಿಲ್ಲ. ಈಗ ಜಾವಾ ಹೆಸರಿನಲ್ಲಿ ಹೊಸ ಗಾಡಿ ಸಿಗುತ್ತದೆ, ನಿಜ. ಹಳೆಯದು ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಎಂಜಿನ್, ಹೊಸದು ಫೋರ್ ಸ್ಟ್ರೋಕ್, ಅದರ ದಾರಿಯೇ ಬೇರೆ.

ನನ್ನ ಸಿಟ್ಟಿಗೆ ಇನ್ನೊಂದು ಕಾರಣ ಇದೆ. ಕೊಯ್ಯುವವರು ಎಂಜಿನ್ ಮುಟ್ಟುವುದೇ ಇಲ್ಲ! ಇವತ್ತು ನೋಡಿದ ಗಾಡಿ ಅಲ್ಲಿಗೆ ಬರುವಾಗಲೇ ಬಿಳಿ ಹೊಗೆ ಉಗುಳುತ್ತಿತ್ತಂತೆ. ಅದಕ್ಕೆ ಕಾರಣ ಹುಡುಕಿದರಾ ಅಂದೆ. "ಟೂ ಸ್ಟ್ರೋಕ್ ಅಲ್ವಾ ಸಾರ್, ಹೊಗೆ ಬರುತ್ತೆ" ಅಂತ ಉತ್ತರ. ಪೆಟ್ರೋಲಿಗೆ ಆಯಿಲ್ ಸರಿಯಾದ ಅಳತೆಯಲ್ಲಿ ಹಾಕಿದ ಮೇಲೂ, ಎಂಜಿನ್ ಬಿಸಿಯಾದ ಮೇಲೂ ಅಷ್ಟು ಹೊಗೆ ಬಂದರೆ ಮೊದಲು ಗೇರ್ ಆಯಿಲ್ ಮಟ್ಟ ನೋಡಬೇಕು. ಅದು ಇಳಿಯುತ್ತಿದ್ದರೆ ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ (ಗೇರ್ ಆಯಿಲ್ ಎಂಜಿನ್ ಒಳಗೆ ಹೋಗದಂತೆ ತಡೆಯುವ ಬಳೆ) ಹೋಗಿದೆ ಅಂತ. ಗೇರ್ ಆಯಿಲ್ ಕ್ರ್ಯಾಂಕ್‌ಕೇಸಿಗೆ ಎಳೆದುಕೊಂಡು ಉರಿಯುತ್ತಿದೆ. ಸೀಲಿಗೆ ಆಗುವ ಖರ್ಚು ಆ ಗಾಡಿಗೆ ಹಾಕಲಿರುವ ದಪ್ಪ ಟೈರಿನ ಖರ್ಚಿನ ಮುಂದೆ ಏನೇನೂ ಅಲ್ಲ. ಆದರೆ ಸೀಲ್ ಹಾಕಿದ್ದು ವೀಡಿಯೊದಲ್ಲಿ ಕಾಣಿಸುವುದಿಲ್ಲ.

ಪಾಯಿಂಟ್ಸ್, ಅಂದರೆ ಸ್ಪಾರ್ಕ್ ಯಾವಾಗ ಹೊತ್ತಬೇಕು ಅಂತ ನಿರ್ಧರಿಸುವ ಸ್ವಿಚ್, ಸೆಟ್ ಮಾಡುವುದನ್ನೇ ತಗೊಳ್ಳಿ. ಬಲಗಡೆ ಕವರ್ ಬಿಚ್ಚಿ, ಎರಡು ಪಾಯಿಂಟ್ ನಡುವೆ 0.4 ಮಿಲಿಮೀಟರ್ ಅಂತರ ಇಡಬೇಕು. ಅಂತರ ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್, ಸಡಿಲವಾಗಿಯೂ ಹೋಗಬಾರದು, ಒತ್ತಿಯೂ ಹೋಗಬಾರದು. ಆಮೇಲೆ ಸಿಗರೇಟ್ ಪ್ಯಾಕಿನ ತೆಳು ಹಾಳೆಯೊಂದನ್ನು ನಡುವೆ ಸಿಕ್ಕಿಸಿ, ಎಂಜಿನ್ನನ್ನು ಕೈಯಲ್ಲೇ ನಿಧಾನ ತಿರುಗಿಸಬೇಕು. ಹಾಳೆಯನ್ನು ಮೆಲ್ಲಗೆ ಎಳೆಯುತ್ತಲೇ ಇರಬೇಕು. ಪಾಯಿಂಟ್ ತೆರೆಯುವ ಕ್ಷಣಕ್ಕೆ ಹಾಳೆ ಸುಳಕ್ ಅಂತ ಈಚೆ ಬರುತ್ತದೆ. ಆಗ ಪಿಸ್ಟನ್ ಎಲ್ಲಿದೆ ನೋಡಿ ಟೈಮಿಂಗ್ ಹೊಂದಿಸಬೇಕು. ಸರಿಯಾಗಿ ಹೊಂದಿಸಿದ ಗಾಡಿ ಒಂದೇ ಕಿಕ್ಕಿಗೆ ಏಳುತ್ತದೆ. ಕಿಕ್ ಹೊಡೆದ ಲಿವರನ್ನೇ ಮುಂದಕ್ಕೆ ಮಲಗಿಸಿದರೆ ಅದೇ ಗೇರ್ ಲಿವರ್. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಆ ಸದ್ದು! ಇಷ್ಟು ಜಾಣತನ ತುಂಬಿರುವ ಯಂತ್ರವನ್ನು ಕೈಗೆ ಕೊಟ್ಟರೆ, ನಿಮಗೆ ಮೊದಲು ನೆನಪಾಗಿದ್ದು ಗ್ರೈಂಡರಾ?

ನಿಜ ಹೇಳಬೇಕು ಅಂದರೆ, ಗಾಡಿ ಕೊನೆಗೆ ಹೇಗಿರಬೇಕು ಅಂತ ಗ್ಯಾರೇಜಿನವರು ಅಂಟಿಸಿಟ್ಟಿದ್ದ ಚಿತ್ರ ಚೆನ್ನಾಗಿಯೇ ಇತ್ತು. ತಗ್ಗಿನ ಸೀಟು, ಬೋಳು ಹಿಂಬದಿ. ನನ್ನ ಕಣ್ಣಿಗೂ ಹಿಡಿಸಿತು. ಅದಕ್ಕೇ ಸಿಟ್ಟು ಇನ್ನೂ ಜಾಸ್ತಿ ಆಯಿತು. ಒಂದು ಸಿಂಗಲ್ ಸೀಟು, ಬೋಲ್ಟ್ ಹಾಕುವ ಬ್ರ್ಯಾಕೆಟ್, ಒಂದು ಗಿಡ್ಡ ಮಡ್‌ಗಾರ್ಡ್ ಇದ್ದರೆ ಹೆಚ್ಚುಕಡಿಮೆ ಅದೇ ರೂಪ ಬರುತ್ತಿತ್ತು. ಹಿಂದಿನ ಶಾಕ್ ಅಬ್ಸಾರ್ಬರ್ ಮೇಲ್ಗಡೆ ಕೂರುವುದು ಅದೇ ಹಿಂಭಾಗದ ಫ್ರೇಮಿಗೆ. ಅಲ್ಲಿ ಕೊಯ್ದು, ಕಣ್ಣಳತೆಯಲ್ಲಿ ವೆಲ್ಡ್ ಮಾಡಿದರೆ ಗುಂಡಿಗೆ ಇಳಿದಾಗಲೆಲ್ಲ ಪೆಟ್ಟು ಬೀಳುವುದು ಆ ವೆಲ್ಡಿಗೆ. ಎರಡು ಕಡೆ ವ್ಯತ್ಯಾಸ ಬಂದರೆ ಎರಡು ಶಾಕ್ ಅಬ್ಸಾರ್ಬರ್ ಮೇಲೆ ಭಾರ ಸಮನಾಗಿ ಬೀಳುವುದಿಲ್ಲ. ಬೀಳುವುದು ಮಾಲೀಕ, ಗ್ಯಾರೇಜಿನವರಲ್ಲ.

"ನನ್ನ ಗಾಡಿ, ನನ್ನ ದುಡ್ಡು" ಅನ್ನುವ ಮಾತಿಗೆ ಬರುತ್ತೇನೆ. ದುಡ್ಡು ನಿನ್ನದೇ ಕಣಪ್ಪಾ. ಆದರೆ ಕಾನೂನೇ ಆ ಮಾತು ಒಪ್ಪುವುದಿಲ್ಲ. ಆರ್‌ಸಿಯಲ್ಲಿ ಇರುವ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಅದಿರಲಿ. 2021ರಲ್ಲಿ ವಿಂಟೇಜ್ ವಾಹನಗಳಿಗೇ ಬೇರೆ ನಿಯಮ ಬಂತು. 50 ವರ್ಷ ದಾಟಿದ, ಚಾಸಿಸ್ ಮತ್ತು ಎಂಜಿನ್ ಮಾರ್ಪಾಡು ಮಾಡದೆ ಮೂಲ ರೂಪದಲ್ಲಿ ಉಳಿಸಿಕೊಂಡ ಗಾಡಿಗೆ "ವಿಎ" ಅಕ್ಷರ ಇರುವ ನಂಬರ್ ಪ್ಲೇಟ್ ಸಿಗುತ್ತದೆ. ಆ ಗಾಡಿಗೆ ಅದರ ಅರ್ಹತೆ ಬೆಳಗ್ಗೆ ತನಕ ಇತ್ತು. ಸಂಜೆ ಹೊತ್ತಿಗೆ ಹೋಯಿತು. ಇನ್ನು ಎಷ್ಟು ದುಡ್ಡು ಸುರಿದರೂ ವಾಪಸ್ ಬರುವುದಿಲ್ಲ.

ಬಿಡಿಭಾಗ ಸಿಗಲ್ಲ, ಅದಕ್ಕೇ ಹೀಗೆ ಮಾಡುತ್ತಾರೆ ಅಂತ ಯಾರಾದರೂ ಕಾಮೆಂಟ್ ಹಾಕುತ್ತೀರಿ. ಸಿಗುತ್ತವೆ. ಹುಡುಕುವ ತಾಳ್ಮೆ ಬೇಕು. ಮೈಸೂರಿನ ಹಳೆ ಮೆಕ್ಯಾನಿಕ್‌ಗಳನ್ನು ಕೇಳಿ, ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತಿ. ಮೊದಲ ಜಾವಾಗಳಿಗೆ ಬೇಕಾದ ಎಷ್ಟೋ ಸಾಮಾನು ಜೆಕ್ ದೇಶದಲ್ಲಿ ಇವತ್ತಿಗೂ ಹೊಸದಾಗಿ ತಯಾರಾಗುತ್ತದೆ. ಪ್ರತಿ ವರ್ಷ ಜುಲೈ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನಕ್ಕೆ ಬನ್ನಿ. ಯಾರ ಬಳಿ ಏನಿದೆ ಅಂತ ಅಲ್ಲೇ ತಿಳಿಯುತ್ತದೆ. ತುಕ್ಕು ತಿಂದು ಮುರಿದೇ ಹೋದ ಫ್ರೇಮ್ ಆದರೆ ಏನು ಬೇಕಾದರೂ ಮಾಡಿ, ನಾನೇ ಬಂದು ಕೈ ಜೋಡಿಸುತ್ತೇನೆ. ಗಟ್ಟಿಯಾಗಿರುವುದನ್ನು ಕೊಯ್ಯುವುದಕ್ಕೆ ಮಾತ್ರ ನನ್ನ ವಿರೋಧ.

ಆ ಮೂಲೆಗೆ ಎಸೆದಿದ್ದ ಮಡ್‌ಗಾರ್ಡನ್ನು ಗುಜರಿ ಬೆಲೆಗೆ ಕೇಳಿ ತಂದಿದ್ದೇನೆ. ಒಂದು ಕಡೆ ಚಿಕ್ಕ ನೆಗ್ಗು ಬಿಟ್ಟರೆ ಚೆನ್ನಾಗಿದೆ. ಅರವತ್ತರ ದಶಕದ ಜಾವಾ ಇಟ್ಟುಕೊಂಡು ಮಡ್‌ಗಾರ್ಡ್ ಇಲ್ಲದೆ ಒದ್ದಾಡುತ್ತಿರುವವರು ಮೆಸೇಜ್ ಮಾಡಿ, ನಾನು ತಂದ ಬೆಲೆಗೇ ಕೊಡುತ್ತೇನೆ. ಬಾಬರ್, ಕೆಫೆ ರೇಸರ್ ಅಂತ ಆಸೆ ಇರುವ ಹುಡುಗರೂ ಗ್ರೈಂಡರಿಗೆ ಪ್ಲಗ್ ಹಾಕುವ ಮುಂಚೆ ಒಂದು ಫೋನ್ ಮಾಡಿ. ಭಾನುವಾರ ಬೆಳಗ್ಗೆ ಮನೆಯಲ್ಲೇ ಇರುತ್ತೇನೆ. ಗಾಡಿ ತನ್ನಿ. ಬ್ರ್ಯಾಕೆಟ್ ಎಲ್ಲಿ ಕೂರುತ್ತದೆ, ಯಾವ ಬೋಲ್ಟ್ ಬೇಕು ಅಂತ ಜೊತೆಗೇ ಕೂತು ನೋಡೋಣ.