ಬೆವರಿದ ಅಂಗೈಗೊಂದು ಕಡಗ

2009ರಲ್ಲಿ ಎಬಿಎನ್ ಆಮ್ರೊ ಎಂಬ ಡಚ್ ಬ್ಯಾಂಕೂ, ನಮಗೆ ಬಲ್ಬು, ಮಿಕ್ಸಿಗಳಿಂದ ಪರಿಚಿತವಾದ ಫಿಲಿಪ್ಸ್ ಕಂಪನಿಯೂ ಸೇರಿಕೊಂಡು ಒಂದು ಕಡಗ ಮತ್ತು ಒಂದು ಬಟ್ಟಲು ಮಾಡಿದವು. ಈ ಜೋಡಿಗೆ ‘ರ‍್ಯಾಷನಲೈಜರ್’ ಎಂದು ಹೆಸರು. ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂತು ಷೇರು ಕೊಳ್ಳುವ, ಮಾರುವ ಮಂದಿಗಾಗಿ ಹುಟ್ಟಿದ ಯೋಚನೆ. ಕಡಗ ಕೈಗೆ, ಬಟ್ಟಲು ಮೇಜಿಗೆ. ಚರ್ಮ ಎಷ್ಟು ಬೆವರಿದೆ ಎಂದು ಕಡಗ ಅಳೆಯುತ್ತದೆ. ಒಳಗೆ ಕುದಿ ಏರಿದಂತೆ ಕಡಗದ ಇಲ್ಲವೇ ಬಟ್ಟಲಿನ ಬೆಳಕು ತಿಳಿಹಳದಿಯಿಂದ ಕಿತ್ತಳೆಗೆ, ಅಲ್ಲಿಂದ ಕಡುಕೆಂಪಿಗೆ ತಿರುಗುತ್ತದೆ. ಸ್ವಾಮೀ, ಈಗ ಯಾವ ಗುಂಡಿಯನ್ನೂ ಒತ್ತಬೇಡಿ, ಎದ್ದುಹೋಗಿ ಒಂದು ಲೋಟ ನೀರು ಕುಡಿದು ಬನ್ನಿ ಎಂದು ಅದರ ಅರ್ಥ.

ಮಾದರಿಯಾಗಿ ತೋರಿಸಿದ್ದಷ್ಟೇ, ಅದು ಮಾರಾಟಕ್ಕೆಂದು ಬಂದದ್ದಲ್ಲ. ಬಾರದಿದ್ದುದೇ ಒಳ್ಳೆಯದಾಯಿತು. ಕಡಗವಾದರೆ ಅಂಗಿಯ ತೋಳಿನೊಳಗೆ ಅಡಗಿಸಬಹುದು. ಬಟ್ಟಲಿನ ಗತಿ? ನಡುಮನೆಯ ಮೇಜಿನ ಮೇಲೆ ಅದು ಉರಿಯತೊಡಗಿದರೆ ಅಡುಗೆಮನೆಯಿಂದ “ಏನ್ರೀ, ಬಟ್ಟಲು ಕೆಂಪಗಾಗ್ತಿದೆಯಲ್ಲ, ಮತ್ತೇನು ತಗೊಳ್ತಾ ಇದೀರಿ?” ಎಂಬ ಪ್ರಶ್ನೆ ಬಾರದೆ ಇರುತ್ತದೆಯೇ? ಆಮೇಲೆ ಏರುವ ಕೆಂಪು ಷೇರಿನದೋ ಸಂಸಾರದ್ದೋ ಎಂದು ಯಾವ ಎಂಜಿನಿಯರೂ ಹೇಳಲಾರ.

ಚರ್ಮದ ಈ ಚಾಡಿ ಹೊಸದೇನಲ್ಲ. ಮನಸ್ಸು ಕಲಕಿದಾಗ ಚರ್ಮದಲ್ಲಿ ವಿದ್ಯುತ್ತು ಹರಿಯುವ ರೀತಿ ಬದಲಾಗುತ್ತದೆ ಎಂದು ಫ್ರಾನ್ಸಿನ ಫೆರೆ ಎಂಬ ವೈದ್ಯ 1888ರಲ್ಲೇ ಬರೆದಿದ್ದ. ಮನೋವಿಜ್ಞಾನಿ ಕಾರ್ಲ್ ಯೂಂಗ್ ಒಂದೊಂದೇ ಪದ ಹೇಳುತ್ತ, ಎದುರಿಗೆ ಕೂತವನ ಕೈ ಯಾವ ಪದಕ್ಕೆ ಬೆವರುತ್ತದೆ ಎಂದು ಮೀಟರು ನೋಡುತ್ತಿದ್ದ. ಸುಳ್ಳು ಪತ್ತೆ ಯಂತ್ರದಲ್ಲಿ ಬೆರಳಿಗೆ ಸಿಕ್ಕಿಸುವ ತಗಡೂ ಇದೇ ಕೆಲಸದ್ದು. ಅಂಗೈಯ ಬೆವರುಗ್ರಂಥಿಗಳು ನಮ್ಮ ಮಾತು ಕೇಳುವುದಿಲ್ಲ, ಅವುಗಳ ಲಗಾಮು ನಮ್ಮ ಅಂಕೆಯಲ್ಲಿಲ್ಲದ ನರಗಳ ಕೈಯಲ್ಲಿದೆ. ಮುಖ ಗಂಟಿಕ್ಕಬಹುದು, ದನಿ ಸಪ್ಪೆ ಮಾಡಬಹುದು, ಅಂಗೈಗೆ ಮಾತ್ರ ನಟನೆ ಬಾರದು.

ಆದರೆ ಅಂಗೈಗೆ ವ್ಯಾಕರಣವೂ ಬಾರದು. ‘ಏನೋ ಆಯಿತು’ ಎಂದಷ್ಟೇ ಅದು ಹೇಳುತ್ತದೆ. ಆಸೆಯೋ, ಭಯವೋ, ಹಳೆಯ ಸಾಲಗಾರ ಎದುರಿಗೆ ಬಂದನೋ, ಸ್ಟ್ರಾಂಗ್ ಕಾಫಿ ಕುಡಿದದ್ದೋ, ತಿಳಿಯುವುದಿಲ್ಲ. ಮೇ ತಿಂಗಳ ಮಂಗಳೂರಿನಲ್ಲಿ ಈ ಕಡಗ ತೊಟ್ಟವನು ಒಂದು ಕಟ್ಟು ಬಸಳೆ ಕೊಳ್ಳುವಾಗಲೂ ದುಂದುಗಾರ ಎನಿಸಿಕೊಳ್ಳಬೇಕಾದೀತು.

ಇನ್ನೂ ದೊಡ್ಡ ತೊಡಕು ಅಮೆರಿಕದ ಅಯೋವಾದಿಂದ ಬರುತ್ತದೆ. 1990ರ ದಶಕದಲ್ಲಿ ಅಲ್ಲಿನ ನರವಿಜ್ಞಾನಿ ಆಂಟೋನಿಯೊ ಡಮಾಸಿಯೊ ಬಳಗದವರು ಜನರ ಮುಂದೆ ನಾಲ್ಕು ಕಟ್ಟು ಇಸ್ಪೀಟೆಲೆಗಳನ್ನಿಟ್ಟು ಜೂಜಾಡಿಸಿದರು. ಎರಡು ಕಟ್ಟಿನಲ್ಲಿ ಲಾಭ ದೊಡ್ಡದು, ಆದರೆ ನಡುನಡುವೆ ಬೀಳುವ ಪೆಟ್ಟು ಅದಕ್ಕಿಂತ ದೊಡ್ಡದು. ಉಳಿದೆರಡರಲ್ಲಿ ಲಾಭ ಚಿಕ್ಕದಾದರೂ ಕೊನೆಗೆ ಕೈಯಲ್ಲಿ ಕಾಸು ಉಳಿಯುತ್ತದೆ. ಒಂದಿಷ್ಟು ಎಲೆ ಎತ್ತುವುದರೊಳಗೆ ಕೆಟ್ಟ ಕಟ್ಟಿನತ್ತ ಕೈ ಚಾಚಿದಾಗಲೆಲ್ಲ ಆಡುವವರ ಅಂಗೈ ಬೆವರತೊಡಗಿತು. ಯಾಕೆ ಎಂದು ಕೇಳಿದರೆ ಅವರಿಗಿನ್ನೂ ಹೇಳಲು ಬರುತ್ತಿರಲಿಲ್ಲ. ಹಣೆಯ ಹಿಂದಿನ ಮಿದುಳಿನ ಭಾಗಕ್ಕೆ ಏಟಾಗಿದ್ದವರ ಕೈ ಮಾತ್ರ ಹೀಗೆ ಮುಂಚಿತವಾಗಿ ಬೆವರಲಿಲ್ಲ. ಅವರು ಕೆಟ್ಟ ಕಟ್ಟಿನಿಂದಲೇ ಎಲೆ ಎತ್ತುತ್ತ ಸೋಲುತ್ತ ಹೋದರು.

ಅಂದರೆ ಆ ಬೆವರೇ ಮನೆಯ ಹಿರಿಯ. ‘ಬೆವರಿದೆಯಾ, ನಿನ್ನ ಬುದ್ಧಿ ಕೆಟ್ಟಿದೆ’ ಎನ್ನುವ ಯಂತ್ರ, ಬುದ್ಧಿ ಹೇಳಲು ಬಂದ ಹಿರಿಯನನ್ನೇ ಹುಚ್ಚನೆಂದು ಹೊರಗೆ ಕಳಿಸುತ್ತಿರಬಹುದು. ನಿಜವಾದ ದುಂದುಗಾರರನ್ನು ನಾನು ಕಂಡಿದ್ದೇನೆ. ಅವರ ಕೈ ತಣ್ಣಗಿರುತ್ತದೆ.

ಕೈ ಬೆವರಿದರೂ ಈಗ ಅದು ಹೊತ್ತಿಗೆ ಸರಿಯಾಗಿ ಮುಟ್ಟುವುದು ಕಷ್ಟ. ಮನಸ್ಸಿಗೆ ಏನಾದರೂ ತಟ್ಟಿದ ಮೇಲೆ ಚರ್ಮದ ಉತ್ತರ ಬರಲು ಒಂದರಿಂದ ಮೂರು ಸೆಕೆಂಡು ಬೇಕು. ಯುಪಿಐ ಲೈಟ್‌ನಲ್ಲಿ ಸಣ್ಣ ಮೊತ್ತಕ್ಕೆ ಪಿನ್ ಕೂಡ ಬೇಡ. ಚರ್ಮ ಇನ್ನೂ ಗಂಟಲು ಸರಿಮಾಡಿಕೊಳ್ಳುತ್ತಿರುವಾಗಲೇ ಅಂಗಡಿಯ ಡಬ್ಬಿ ‘ಹಣ ಬಂದಿದೆ’ ಎಂದು ಬೀದಿಗೆಲ್ಲ ಸಾರಿರುತ್ತದೆ. 2025ರ ಅಕ್ಟೋಬರಿನಲ್ಲಿ ಬೆರಳಚ್ಚು ಒತ್ತಿ, ಮುಖ ತೋರಿಸಿ ಯುಪಿಐ ಪಾವತಿ ಮಾಡುವ ದಾರಿಯೂ ತೆರೆಯಿತು. ಒಂದು ಕಡೆ ಖರ್ಚು ತಡೆಯಲು ಮೈಯನ್ನು ಕೇಳುವ ಯಂತ್ರ, ಇನ್ನೊಂದು ಕಡೆ ಖರ್ಚು ಸಲೀಸಾಗಲೆಂದು ಅದೇ ಮೈಯನ್ನು ಕೇಳುವ ಯಂತ್ರ. ಎರಡನೆಯದು ಗೆದ್ದಿದೆ ಎಂದು ಬೇರೆ ಹೇಳಬೇಕಾಗಿಲ್ಲ.

ನನಗೆ ಮನಸ್ಸಿಗೆ ಬಂದದ್ದು ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನವರು ಮಾಡಿದ ಪರ್ಸು. ಅದು ಮೈಯನ್ನೇನೂ ಕೇಳುವುದಿಲ್ಲ, ಬ್ಯಾಂಕಿನ ಲೆಕ್ಕವನ್ನಷ್ಟೇ ಕೇಳುತ್ತದೆ. ತಿಂಗಳ ಬಜೆಟ್ಟು ಮುಗಿಯುತ್ತ ಬಂದಂತೆ ಅದರ ಕೀಲು ಬಿಗಿಯಾಗುತ್ತದೆ, ತೆರೆಯಲು ಹೆಚ್ಚು ಬಲ ಹಾಕಬೇಕು. ತಾಯಿ ಕರಡಿ ಎಂದು ಅದರ ಹೆಸರು. ನಮ್ಮ ಅಜ್ಜಿಯ ಎಲೆಅಡಿಕೆ ಸಂಚಿಯೂ ಇದೇ ತತ್ತ್ವದ್ದು. ಸೊಂಟದಿಂದ ಸಂಚಿ ಎಳೆದು, ದಾರ ಸಡಿಲಿಸಿ, ಅಡಿಕೆಚೂರು, ಲವಂಗ, ಸುಣ್ಣದ ಡಬ್ಬಿ ಎಲ್ಲ ದಾಟಿ, ನಾಲ್ಕಾಗಿ ಎಂಟಾಗಿ ಮಡಿಸಿದ ನೋಟು ಹೊರಗೆ ಬರುವಷ್ಟರಲ್ಲಿ ಐಸ್‌ಕ್ಯಾಂಡಿಯವನ ಗಂಟೆ ಮುಂದಿನ ಬೀದಿಯಲ್ಲಿ ಕೇಳುತ್ತಿತ್ತು.

ಪರ್ಸಿಗಿಂತ ಬಿರುಸಿನವರೂ ಇದ್ದಾರೆ. ಮನೀಶ್ ಸೇಥಿ ಎಂಬಾತ ಫೇಸ್‌ಬುಕ್ ಚಟ ಬಿಡಲು, ತಾನು ಅದನ್ನು ತೆರೆದಾಗಲೆಲ್ಲ ಕೆನ್ನೆಗೆ ಬಾರಿಸಲೆಂದು ಒಬ್ಬ ಹೆಂಗಸನ್ನು ಗಂಟೆಗೆ ಇಷ್ಟೆಂದು ಸಂಬಳಕ್ಕೆ ಇಟ್ಟುಕೊಂಡಿದ್ದ. ಆಮೇಲೆ ಅದೇ ಕೆಲಸಕ್ಕೆ ‘ಪಾವ್‌ಲಾಕ್’ ಎಂಬ, ಕರೆಂಟ್ ಹೊಡೆಯುವ ಕೈಪಟ್ಟಿ ಮಾಡಿದ. 2016ರಲ್ಲಿ ಇಂಗ್ಲೆಂಡಿನ ಇಂಟೆಲಿಜೆಂಟ್ ಎನ್ವಿರಾನ್‌ಮೆಂಟ್ಸ್ ಎಂಬ ಸಂಸ್ಥೆ ಅದನ್ನು ಬ್ಯಾಂಕ್ ಖಾತೆಗೆ ಜೋಡಿಸಿ ತೋರಿಸಿತು. ಮಿತಿ ಮೀರಿ ಖರ್ಚು ಮಾಡಿದರೆ 255 ವೋಲ್ಟಿನ ಚುರುಕು. ನಮ್ಮ ಕಡೆ ಈ ಸೇವೆ ಬಹಳ ಕಾಲದಿಂದ ಮನೆಯೊಳಗೇ ಲಭ್ಯ, ಸಂಬಳವೂ ಇಲ್ಲ, ಚಾರ್ಜೂ ಮಾಡಬೇಕಾಗಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಆ ಕಡಗದ ಪರವಾಗಿ ಒಂದು ಮಾತಿದೆ. ಕೊಳ್ಳುವವನ ಮೈಯನ್ನು ಓದುವ ವಿದ್ಯೆ ಇಲ್ಲಿಯವರೆಗೆ ಮಾರುವವನ ಸೊತ್ತಾಗಿತ್ತು. ಇಷ್ಟವಾದದ್ದನ್ನು ಕಂಡರೆ ಕಣ್ಣಿನ ಪಾಪೆ ಹಿಗ್ಗುತ್ತದೆ ಎಂದು ಷಿಕಾಗೊದ ಮನೋವಿಜ್ಞಾನಿ ಎಕಾರ್ಡ್ ಹೆಸ್ 1960ರಲ್ಲಿ ಅಳತೆ ಮಾಡಿ ತೋರಿಸಿದರು. ಚಿಕ್ಕಪೇಟೆಯ ಸೀರೆ ಅಂಗಡಿಯವರಿಗೆ ಅಳತೆಪಟ್ಟಿ ಬೇಕಿರಲಿಲ್ಲ. ಬಿಳಿ ಹಾಸಿನ ಗಾದಿಯ ಮೇಲೆ ಕೂತವನು ಸೀರೆಯ ಮೇಲೆ ಸೀರೆ ಬಿಡಿಸುತ್ತ “ನೋಡಿ ಅಮ್ಮ, ನೋಡೋಕೇನು ದುಡ್ಡಾ?” ಎನ್ನುತ್ತಾನೆ. ಅವನ ಕಣ್ಣು ಸೀರೆಯ ಮೇಲಿರುವುದಿಲ್ಲ. ಯಾವ ಸೆರಗಿಗೆ ಬೆರಳು ಎರಡನೆಯ ಸಲ ಮರಳಿತು, ಯಾವುದನ್ನು ಮಡಿಸಲು ಹೊರಟಾಗ ಕತ್ತು ಒಂದಿಷ್ಟು ಮುಂದೆ ಬಂತು, ಅಷ್ಟೇ ಅವನಿಗೆ ಬೇಕಾದ ವರದಿ. ಕಡಗ ಬಂದರೆ ಅದೇ ವರದಿ ಮೊದಲ ಬಾರಿಗೆ ಗಿರಾಕಿಯ ಕೈಗೂ ಸಿಗುತ್ತದೆ.

ಕಡಗದಿಂದ ಅದು ಇನ್ನೆಲ್ಲಿಗೆ ಹೋಗುತ್ತದೆ ಎಂಬುದು ಬೇರೆ ಚಿಂತೆ. 2010ರ ಮೇ 5ರಂದು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಒಪ್ಪಿಗೆಯಿಲ್ಲದೆ ಯಾರನ್ನೂ ಸುಳ್ಳು ಪತ್ತೆ ಯಂತ್ರಕ್ಕೆ ಕೂರಿಸುವಂತಿಲ್ಲ ಎಂದಿತು. ಪೊಲೀಸರಿಗೆ ನಾವು ಕೊಡಬೇಕಾಗಿಲ್ಲದ ಅಂಗೈಯ ಸಾಕ್ಷಿಯನ್ನು ವಾಚಿನ ಆ್ಯಪಿಗೆ ‘ಐ ಅಗ್ರೀ’ ಒತ್ತಿ ಪುಕ್ಕಟೆ ಕೊಟ್ಟು, ರಾತ್ರಿ ತಲೆದಿಂಬಿನ ಪಕ್ಕ ಚಾರ್ಜಿಗೂ ಹಾಕಿ ಮಲಗುತ್ತೇವೆ.

ನಮ್ಮ ಚಿಕ್ಕಮ್ಮ ಚೌಕಾಸಿಯಲ್ಲಿ ಪಳಗಿದ ಕೈ. ಮನಸ್ಸಿಗೆ ಹಿಡಿದ ಸೀರೆಯ ಕಡೆ ಅವರು ತಿರುಗಿಯೂ ನೋಡುವುದಿಲ್ಲ. ಪಕ್ಕದ ಬೇಡದ ಸೀರೆಯ ಬೆಲೆ ಕೇಳಿ, ಹೌಹಾರಿ, ಚಪ್ಪಲಿ ಮೆಟ್ಟಿ, ಮೆಟ್ಟಿಲಿಳಿದು, ಹಿಂದಿನಿಂದ “ಅಮ್ಮಾ, ಬನ್ನಿ, ಬನ್ನಿ, ನೀವೇ ಒಂದು ರೇಟು ಹೇಳಿ” ಎಂದು ಕರೆಸಿಕೊಂಡ ಮೇಲೆಯೇ ನಿಜವಾದ ಸೀರೆಗೆ ಬೆರಳು ತೋರಿಸುವುದು. ಅವರಿಗೆ ಈ ಕಡಗದ ವಿಷಯ ವಿವರಿಸಿದೆ. ಆಸೆ ಹೆಚ್ಚಾದರೆ ಕೆಂಪು ದೀಪ ಹತ್ತುತ್ತದೆ, ಎಚ್ಚರವಾಗಬಹುದು ಎಂದೆ. ಗಮನವಿಟ್ಟು ಕೇಳಿದರು.

“ಆ ದೀಪ ಅಂಗಡಿಯವನಿಗೂ ಕಾಣ್ಸತ್ತೇನೋ?”

“ಕೈಮೇಲೆ ಇರತ್ತಲ್ಲ ಚಿಕ್ಕಮ್ಮ, ಕಾಣ್ಸತ್ತೆ.”

“ಹಂಗಾದ್ರೆ ಬೇಡ ಬಿಡಪ್ಪ. ಒಂದು ರೂಪಾಯಿನೂ ಇಳಿಸಲ್ಲ ಅವನು.”